ಚಿಕ್ಕ ರೂಮಿಗೆ ದೊಡ್ಡ ಎಸಿ ಹಾಕಿಸಬೇಡಿ: ನಮ್ಮ ಗೋಡೆಗೆ ಬೂಷ್ಟು ಬಂದಿದ್ದು ಹೀಗೆ

ಚಿಕ್ಕಮಗಳೂರಿನಲ್ಲಿ ಎಸಿ ಯಾಕೆ ಅಂತ ನಾವೂ ಕೇಳುತ್ತಿದ್ದವರೇ. ಆದರೆ ಏಪ್ರಿಲ್‌ನಲ್ಲಿ ತಾರಸಿ ಕಾದರೆ ರಾತ್ರಿ ಹನ್ನೊಂದಾದರೂ ನಿದ್ದೆ ಹತ್ತುವುದಿಲ್ಲ. ಅಮ್ಮನಿಗೆ ಸೆಕೆ ತಡೆಯುವುದಿಲ್ಲ ಅಂತ ಎರಡು ವರ್ಷದ ಹಿಂದೆ ಅವರ ರೂಮಿಗೆ ಎಸಿ ಹಾಕಿಸಿದೆವು. ಈ ಬೇಸಿಗೆಗೆ ತಗೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ.

ಆ ರೂಮು 10 ಅಡಿ ಅಗಲ, 11 ಅಡಿ ಉದ್ದ. ಅಂಗಡಿಯವರು ರೂಮು ನೋಡಲೇ ಇಲ್ಲ. ‘ಎರಡು ಟನ್ನಿನದು ಆಫರ್‌ನಲ್ಲಿದೆ, ದೊಡ್ಡದಾದರೆ ಬೇಗ ತಂಪಾಗುತ್ತೆ’ ಅಂದರು. ಇನ್ವರ್ಟರ್ (ಬೇಕಾದಷ್ಟಕ್ಕೆ ಮಿಷನ್ನಿನ ವೇಗ ತಗ್ಗಿಸಿಕೊಳ್ಳುವ ವ್ಯವಸ್ಥೆ) ಇಲ್ಲದ ಮಾದರಿ, ಬೆಲೆ ಕಡಿಮೆ. ತಗೊಂಡುಬಿಟ್ಟೆವು.

ಬೇಸಿಗೆಯಲ್ಲಿ ತೊಂದರೆ ಗೊತ್ತಾಗಲಿಲ್ಲ. ಆರಿದ್ರಾ ಮಳೆ ಹಿಡಿದಾಗ ಶುರುವಾಯಿತು. ಕಿಟಕಿ ಮುಚ್ಚಿದ ಮನೆ, ಒಣಗದ ಬಟ್ಟೆ, ಹಾಸಿಗೆಯೆಲ್ಲ ಥಂಡಿ. ಎಸಿ ಹಾಕಿದರೆ ತೇವ ಎಳೆಯುತ್ತೆ ಅಂತ ಯಾರೋ ಹೇಳಿದರು. ದಿನಾ ರಾತ್ರಿ 20 ಡಿಗ್ರಿಗೆ ಇಟ್ಟು ಓಡಿಸಿದೆವು. ರೂಮು ತಣ್ಣಗಾಯಿತು, ಒಣಗಲಿಲ್ಲ. ಮುಗ್ಗಲು ವಾಸನೆ ಬಂತು. ಅಮ್ಮನಿಗೆ ಬಿಡದ ಕೆಮ್ಮು. ಆಗಸ್ಟ್‌ನಲ್ಲಿ ಬೀರು ಸರಿಸಿ ನೋಡಿದರೆ ಹಿಂದಿನ ಗೋಡೆ ಪೂರ್ತಿ ಕಪ್ಪು ಬೂಷ್ಟು. ಒಳಗೆ ಅಮ್ಮನ ಮದುವೆಯ ರೇಷ್ಮೆ ಸೀರೆ, ಮಡಿಕೆ ಮಡಿಕೆಗೂ ಕಲೆ.

ಕಾರಣ ಅರ್ಥವಾಗಿದ್ದು ಆಮೇಲೆ, ಪರಿಚಯದ ಮೆಕ್ಯಾನಿಕ್ ಒಬ್ಬರು ಕೂತು ವಿವರಿಸಿದಾಗ. ತಣ್ಣೀರಿನ ಲೋಟದ ಹೊರಗೆ ಬೆವರುತ್ತದಲ್ವಾ, ಎಸಿಯೊಳಗಿನ ಕಾಯಿಲ್ ಅನ್ನುವ ತಣ್ಣನೆಯ ಕೊಳವೆಗಳ ಮೇಲೂ ಹಾಗೇ ಗಾಳಿಯ ತೇವ ನೀರಾಗಿ ಕೂರುತ್ತದೆ. ಆ ನೀರು ಹನಿಗೂಡಿ ಪೈಪಿನಲ್ಲಿ ಹೊರಗೆ ಹೋಗಬೇಕಾದರೆ ಕಾಯಿಲನ್ನು ತಣ್ಣಗಿಡುವ ಕಂಪ್ರೆಸರ್ ತುಂಬ ಹೊತ್ತು ಓಡಬೇಕು. ನಮ್ಮದು ರೂಮಿಗೆ ಜಾಸ್ತಿಯಾದ ಮಿಷನ್. ಐದೇ ನಿಮಿಷದಲ್ಲಿ 20ಕ್ಕೆ ಇಳಿಸಿ ಕಂಪ್ರೆಸರ್ ನಿಂತುಬಿಡುತ್ತಿತ್ತು. ಒಳಗಿನ ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತಿತ್ತು. ಕಾಯಿಲ್ ಮೇಲೆ ಕೂತ ನೀರು ಆ ಗಾಳಿಗೆ ಆರಿ ಮತ್ತೆ ರೂಮಿಗೇ ವಾಪಸ್. ಸಾಲದ್ದಕ್ಕೆ ಗೋಡೆಯೂ ತಣ್ಣಗಾಗಿ, ಬಾಗಿಲು ತೆರೆದಾಗ ನುಗ್ಗುವ ಹಸಿ ಗಾಳಿ ಅಲ್ಲೇ ಬೆವರುತ್ತಿತ್ತು. ಬೀರು ಗೋಡೆಗೆ ಅಂಟಿಕೊಂಡಿತ್ತು, ಅಲ್ಲಿ ಗಾಳಿಯೇ ಆಡುತ್ತಿರಲಿಲ್ಲ.

ಎಸಿಯ 1 ಟನ್ ಅಂದರೆ ತೂಕ ಅಲ್ಲ, ಗಂಟೆಗೆ 12,000 ಬಿಟಿಯು (ಶಾಖ ಅಳೆಯುವ ಮಾನ) ಶಾಖ ಎಳೆಯುವ ಶಕ್ತಿ. ಸುಮಾರು 120 ಚದರ ಅಡಿವರೆಗಿನ ರೂಮಿಗೆ 1 ಟನ್ ಸಾಕು ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮದು 110 ಚದರ ಅಡಿ. ಊರು ಬೇರೆ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿನ ಸೆಕೆ ರಾಯಚೂರಿನ ಸೆಕೆಯಲ್ಲ. ರೂಮು ಅಳೆಯದೆ, ಮೇಲೆ ತಾರಸಿಯೋ ಇನ್ನೊಂದು ಮಹಡಿಯೋ, ಬಿಸಿಲು ಯಾವ ಕಡೆ ಅಂತ ಕೇಳದೆ ಟನ್ ಹೇಳುವವರ ಹತ್ತಿರ ತಗೊಳ್ಳಲೇಬೇಡಿ.

ಇನ್ನೊಂದು ತಪ್ಪು, ನೀರಿನ ಪೈಪು ಹೊರಗೆ ಹೋಗುವ ಗೋಡೆಯ ತೂತಿನಲ್ಲಿತ್ತು. ಅದು ಹೊರಗಡೆಗೆ ಇಳಿಜಾರಾಗಿರಬೇಕು. ನಮ್ಮಲ್ಲಿ ಒಳಗಡೆಗೆ ಇಳಿದಿತ್ತು, ಪೈಪು ನಡುವೆ ಜೋತುಬಿದ್ದಿತ್ತು. ನೀರು ಗೋಡೆಯೊಳಗೇ ಸೋರಿ ಬಣ್ಣ ಗುಳ್ಳೆ ಎದ್ದಿತ್ತು. ನಾನು ಅದು ಮಳೆನೀರು ಅಂದುಕೊಂಡು ಎರಡು ಸಲ ಬಣ್ಣ ಹೊಡೆಸಿದೆ, ದುಡ್ಡು ದಂಡ. ಎಸಿ ಕೂರಿಸಿದ ದಿನವೇ ಎಸಿಯೊಳಗೆ ನೀರು ಸೇರುವ ಟ್ರೇಗೆ ಅರ್ಧ ಮಗ್ ನೀರು ನಿಧಾನಕ್ಕೆ ಹಾಕಿಸಿ, ಹೊರಗೆ ನಿಂತು ನೋಡಿ. ನೀರು ಸರಾಗವಾಗಿ ಬೀಳದಿದ್ದರೆ ಕೆಲಸದವರನ್ನು ಕಳಿಸಬೇಡಿ.

ಆ ಎಸಿ ಅರ್ಧ ಬೆಲೆಗೂ ಹೋಗಲಿಲ್ಲ. ಈಗ 1 ಟನ್ನಿನ ಇನ್ವರ್ಟರ್ ಇದೆ. ಅದು ಕಂಪ್ರೆಸರ್ ವೇಗ ತಗ್ಗಿಸಿಕೊಂಡು ಓಡುತ್ತಲೇ ಇರುತ್ತದೆ, ಹಾಗಾಗಿ ನೀರೂ ಇಳಿಯುತ್ತದೆ. ಇನ್ವರ್ಟರ್ ಅಂತ ಅದರಲ್ಲೂ ದೊಡ್ಡದು ತಗೋಬೇಡಿ, ತಗ್ಗಿಸೋದಕ್ಕೂ ಒಂದು ಮಿತಿ ಇದೆ. 25ಕ್ಕೆ ಇಡುತ್ತೇವೆ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕುತ್ತೇನೆ. ಧೂಳು ಕಟ್ಟಿದರೆ ಗಾಳಿ ಸಾಲದೆ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ, ಕರಗಿದಾಗ ಹಾಸಿಗೆ ಮೇಲೆ ಹನಿಯುತ್ತದೆ. ಬೇಸಿಗೆಯಲ್ಲಿ ಆಫ್ ಮಾಡುವ ಮೊದಲು ಕಾಲು ಗಂಟೆ ಬರೀ ಫ್ಯಾನ್ ಓಡಿಸಿ ಕಾಯಿಲ್ ಒಣಗಿಸುತ್ತೇವೆ. ಆಗ ಕಿಟಕಿ ತೆರೆದಿರುತ್ತೇವೆ, ಇಲ್ಲದಿದ್ದರೆ ಆ ತೇವ ರೂಮಲ್ಲೇ ಉಳಿಯುತ್ತದೆ.

ಜೂನ್‌ನಿಂದ ಎಸಿಯನ್ನು ನೆಚ್ಚಿಕೊಳ್ಳುವುದೇ ಇಲ್ಲ. ಹೊರಗೆ 21, 22 ಡಿಗ್ರಿ ಇರುವಾಗ ಎಸಿಯಲ್ಲಿ ತೇವ ತೆಗೆಯಲೆಂದೇ ಇರುವ ಡ್ರೈ ಮೋಡ್ ಕೂಡ ರೂಮನ್ನು ಚಳಿ ಮಾಡುತ್ತದೆ ಅಷ್ಟೇ. ಮಲೆನಾಡಿನ ಮಳೆಗಾಲಕ್ಕೆ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ಎಳೆಯುವ ಮಿಷನ್ ಸರಿ. ಅದು ತೇವ ತೆಗೆದ ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿಯೇ ಬಿಡುತ್ತದೆ. ತೇವ ಅಳೆಯುವ ಪುಟ್ಟ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮೊದಲು ಅದನ್ನು ತಗೊಳ್ಳಿ. ರೂಮಿನ ಗಾಳಿಯ ತೇವ ಶೇ. 60 ದಾಟದಂತೆ ನೋಡಿಕೊಂಡರೆ ಬೂಷ್ಟು ಹಿಡಿಯುವುದು ಕಷ್ಟ.

ಬೀರು ಈಗ ಗೋಡೆಯಿಂದ ಅರ್ಧ ಅಡಿ ಈಚೆಗಿದೆ. ಕಳೆದ ಮಳೆಗಾಲದಲ್ಲಿ ಗೋಡೆ ಒಣಗಿಯೇ ಇತ್ತು, ಅಮ್ಮನ ಕೆಮ್ಮೂ ನಿಂತಿದೆ. ಸೀರೆಯನ್ನು ಎರಡು ಕಡೆ ಡ್ರೈ ಕ್ಲೀನಿಂಗ್‌ಗೆ ಕೊಟ್ಟೆ. ಕಲೆ ಹೋಗಲಿಲ್ಲ.