ಮೂಲ್ಕಿಯಿಂದ ಹಂಪನಕಟ್ಟೆಗೆ: ಸ್ಕೂಟರ್, ಎಕ್ಸ್‌ಪ್ರೆಸ್, ಸರಕಾರಿ ಬಸ್ಸು ಮತ್ತು 7.35ರ ಸರ್ವಿಸ್ ಬಸ್ಸು

ಮೂಲ್ಕಿ ಪಕ್ಕದ ಕಿಲ್ಪಾಡಿಯ ನಮ್ಮ ಮನೆಯಿಂದ ಮಂಗಳೂರಿನ ಹಂಪನಕಟ್ಟೆಗೆ ಹೆಚ್ಚುಕಡಿಮೆ 30 ಕಿಲೋಮೀಟರ್ ದೂರ. ಒಂಬತ್ತು ವರ್ಷ ಮೂಲ್ಕಿ ಪೇಟೆಯಲ್ಲೇ ಲೆಕ್ಕಪತ್ರದ ಕೆಲಸ ಮಾಡಿಕೊಂಡು, ಮಧ್ಯಾಹ್ನದ ಊಟಕ್ಕೂ ಮನೆಗೆ ಬಂದು ಹೋಗುತ್ತಿದ್ದ ನನಗೆ ಕಳೆದ ವರ್ಷದ ಮೇ ತಿಂಗಳಲ್ಲಿ ಹಂಪನಕಟ್ಟೆಯ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಸಂಬಳದ ಮಾತು ಮುಗಿದ ದಿನವೇ ನಾನು ಮಾಡಿದ ಮೊದಲ ಕೆಲಸವೆಂದರೆ 24 ಕಂತುಗಳ ಸಾಲದ ಮೇಲೆ ಒಂದು ಸ್ಕೂಟರ್ ಕೊಂಡದ್ದು. ಒಂದು ತಿಂಗಳು ಬಸ್ಸಿನಲ್ಲಿ ಹೋಗಿ ನೋಡಿ ಆಮೇಲೆ ತೀರ್ಮಾನಿಸು ಎಂದು ಅಮ್ಮ ಹೇಳಿದ್ದರು, ನಾನು ಕೇಳಲಿಲ್ಲ. ಈ ಒಂದು ವರ್ಷದಲ್ಲಿ ಸ್ಕೂಟರ್, ಎಕ್ಸ್‌ಪ್ರೆಸ್ ಬಸ್ಸು, ಸರಕಾರಿ ಬಸ್ಸು, ರೈಲು ಎಲ್ಲದರಲ್ಲೂ ಓಡಾಡಿ, ಕೊನೆಗೆ ನಮ್ಮ ಗದ್ದೆಯ ಅಂಚಿನ ರಸ್ತೆಯಲ್ಲೇ ಹಾದುಹೋಗುವ, ಕಿನ್ನಿಗೋಳಿ ಕಡೆಯಿಂದ ಬರುವ ಖಾಸಗಿ ಸರ್ವಿಸ್ ಬಸ್ಸಿಗೆ ಒಗ್ಗಿಕೊಂಡಿದ್ದೇನೆ. ಆದ್ದರಿಂದ ಮುಂದಿನ ಮಾತುಗಳಲ್ಲಿ ನನ್ನ ಮನಸ್ಸು ಯಾವ ಕಡೆಗೆ ವಾಲಿದೆ ಎಂಬುದು ಓದುವವರಿಗೆ ಮೊದಲೇ ತಿಳಿದಿರಲಿ.

ಸ್ಕೂಟರಿನ ಮೊದಲ ಎರಡು ವಾರ ಬಹಳ ಚೆನ್ನಾಗಿತ್ತು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಹಳೆಯಂಗಡಿ, ಮುಕ್ಕ, ಸುರತ್ಕಲ್ ದಾಟಿ, ಕೊಟ್ಟಾರ ಚೌಕಿಯಲ್ಲಿ ಹೆದ್ದಾರಿ ಬಿಟ್ಟು ಲೇಡಿಹಿಲ್, ಲಾಲ್‌ಬಾಗ್ ಮೇಲಾಗಿ ಒಂಬತ್ತಕ್ಕೆ ಸರಿಯಾಗಿ ಕಚೇರಿಯ ಕೆಳಗೆ ಇರುತ್ತಿದ್ದೆ. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಎಲ್ಲವೂ ಬದಲಾಯಿತು. ಮಳೆಯಲ್ಲಿ ನೆನೆಯುವುದಕ್ಕೆ ಕರಾವಳಿಯವರು ಯಾರೂ ಹೆದರುವುದಿಲ್ಲ, ನಾನೂ ಹೆದರಿರಲಿಲ್ಲ. ನನ್ನನ್ನು ಸೋಲಿಸಿದ್ದು ಮೇಲಿನಿಂದ ಬೀಳುವ ನೀರಲ್ಲ, ಬೈಕಂಪಾಡಿಯಿಂದ ಕೂಳೂರಿನವರೆಗೆ ಕೆಳಗಿನಿಂದ ಏಳುವ ನೀರು.

ಪಣಂಬೂರಿನಲ್ಲಿ ಬಂದರು ಇರುವುದರಿಂದ ಆ ಐದಾರು ಕಿಲೋಮೀಟರ್ ಉದ್ದಕ್ಕೂ ಸರಕಿನ ಲಾರಿಗಳು, ಟ್ಯಾಂಕರುಗಳು, ಉದ್ದನೆಯ ಟ್ರೈಲರುಗಳು ಒಂದರ ಹಿಂದೆ ಒಂದು ಸಾಗುತ್ತವೆ. ಬಂದರು ಇದ್ದಲ್ಲಿ ಲಾರಿ ಇರಲೇಬೇಕು, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಮಳೆ ಬಂದಾಗ ರಸ್ತೆಯ ಮೇಲಿನ ಧೂಳು, ಎಣ್ಣೆ, ಕಲ್ಲಿದ್ದಲಿನ ಪುಡಿ ಎಲ್ಲ ಸೇರಿ ತೆಳುವಾದ ಕಪ್ಪು ನೀರಾಗುತ್ತದೆ. ಹತ್ತು ಚಕ್ರದ ಲಾರಿಯೊಂದು ಪಕ್ಕದಲ್ಲಿ ಹಾದರೆ ಆ ನೀರು ಸ್ಕೂಟರಿನಲ್ಲಿ ಕುಳಿತವರ ಸೊಂಟದವರೆಗೂ ಹಾರುತ್ತದೆ. ಹೆಲ್ಮೆಟ್ಟಿನ ಗಾಜಿನ ಮೇಲೆ ಬಿದ್ದದ್ದನ್ನು ಕೈಯಿಂದ ಒರೆಸಿದರೆ ಅದು ಹರಡಿಕೊಂಡು ಮುಂದಿನ ದಾರಿಯೇ ಮಸುಕಾಗುತ್ತದೆ, ಗಾಜು ಎತ್ತಿದರೆ ಕಣ್ಣಿಗೇ ಬೀಳುತ್ತದೆ. ಒಂದು ದಿನ ಕೂಳೂರು ಸೇತುವೆಗೆ ಸ್ವಲ್ಪ ಮೊದಲು ಹೀಗೆ ಎರಡು ಕ್ಷಣ ಏನೂ ಕಾಣದೆ, ಎಡಕ್ಕೆ ಸರಿದು ಡಾಂಬರು ಬಿಟ್ಟು ಕೆಸರಿಗೆ ಇಳಿದೆ. ಬೀಳಲಿಲ್ಲ. ಆದರೆ ಫಲ್ಗುಣಿ ನದಿಯನ್ನು ದಾಟುವಾಗ ನನ್ನ ಎರಡು ಕೈಗಳೂ ನಡುಗುತ್ತಿದ್ದವು.

ಕಚೇರಿ ತಲುಪಿದ ಮೇಲಿನ ಕಷ್ಟ ಬೇರೆಯದು. ರೈನ್‌ಕೋಟ್ ಒಣಗಿಸಲು ಅಲ್ಲಿ ಜಾಗವಿಲ್ಲ. ಮೆಟ್ಟಿಲಿನ ಕೆಳಗೆ ಮೊಳೆಗೆ ತೂಗಿಸಿದ್ದು ಸಂಜೆಯವರೆಗೂ ತೊಟ್ಟಿಕ್ಕುತ್ತಲೇ ಇರುತ್ತದೆ, ಸಂಜೆ ಅದೇ ಹಸಿಯನ್ನು ಮತ್ತೆ ಮೈಗೆ ಹಾಕಿಕೊಳ್ಳಬೇಕು. ಬದಲಿ ಬಟ್ಟೆಯ ಚೀಲವನ್ನು ಸೀಟಿನ ಕೆಳಗೆ ಇಟ್ಟರೆ ಊಟದ ಡಬ್ಬಿಗೆ ಅಲ್ಲಿ ಸ್ಥಳವಿರುವುದಿಲ್ಲ. ಚಿಕ್ಕಮ್ಮ ಕೊಡಿಸಿದ ಕೆನೆಬಣ್ಣದ ಚೂಡಿದಾರದ ಕಾಲಿನಂಚಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕಪ್ಪು ಚುಕ್ಕೆಗಳು ಬಿದ್ದವು. ಅಮ್ಮ ಲಿಂಬೆಹುಳಿ ಹಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಉಜ್ಜಿ ನೋಡಿದರೂ ಅವು ಹೋಗಲಿಲ್ಲ. ಎಣಿಸಿದರೆ ಹನ್ನೊಂದು ಇವೆ. ಜುಲೈ ನಡುವಿಗೆ ಶುರುವಾಗುವ ಆಟಿ ತಿಂಗಳು ಬರುವ ಮೊದಲೇ ನಾನು ಸ್ಕೂಟರನ್ನು ಅಂಗಳದ ಚಪ್ಪರದ ಕೆಳಗೆ ನಿಲ್ಲಿಸಿದೆ.

ಆಮೇಲೆ ಎಕ್ಸ್‌ಪ್ರೆಸ್ ಹಿಡಿದೆ. ವೇಗದಲ್ಲಿ ಅದಕ್ಕೆ ಸಾಟಿಯಿಲ್ಲ: ಕೂಳೂರಿನಲ್ಲಿ ವಾಹನಗಳ ಸಾಲು ಇಲ್ಲದಿದ್ದರೆ ಮೂಲ್ಕಿಯಿಂದ ಮುಕ್ಕಾಲು ಗಂಟೆ ಚಿಲ್ಲರೆ ನಿಮಿಷಗಳಲ್ಲಿ ಮಂಗಳೂರಿನ ಸ್ಟೇಟ್ ಬ್ಯಾಂಕ್ ಎಂಬ ಖಾಸಗಿ ಬಸ್ಸುಗಳ ನಿಲ್ದಾಣ. ಆದರೆ ಬೆಳಿಗ್ಗೆ ಅದು ಉಡುಪಿಯಲ್ಲೇ ತುಂಬಿ ಬರುತ್ತದೆ, ಮೂಲ್ಕಿಯಲ್ಲಿ ಹತ್ತುವವರಿಗೆ ಹಿಡಿದು ನಿಲ್ಲುವ ಕಂಬಿಯೇ ಗತಿ. ಸಂಜೆ ಸ್ಟೇಟ್ ಬ್ಯಾಂಕಿನಲ್ಲಿ ಖಾಲಿ ಸೀಟು ಕಂಡು ಕುಳಿತರೆ, ಉಡುಪಿಯವರು ಮೊದಲು ಕುಳಿತುಕೊಳ್ಳಲಿ, ಮೂಲ್ಕಿಯವರಿಗೆ ಸರ್ವಿಸ್ ಬಸ್ಸು ಇದೆಯಲ್ಲ ಎಂದು ಒಬ್ಬ ಕಂಡಕ್ಟರ್ ನನ್ನನ್ನು ಎಲ್ಲರ ಮುಂದೆ ಎಬ್ಬಿಸಿದರು. ಅದೇ ಟಿಕೆಟಿಗೆ ನಾನೂ ಹಣ ಕೊಡುವವಳು. ಆ ದಿನದ ಅವಮಾನವನ್ನು ನಾನು ಮರೆತಿಲ್ಲ.

ಸರಕಾರಿ ಬಸ್ಸಿನ ವಿಚಾರ ಹೆಂಗಸರಿಗೆ ಮುಖ್ಯವಾದದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ತೋರಿಸಿದರೆ ಶೂನ್ಯ ಮೊತ್ತದ ಟಿಕೆಟ್ ಕೊಡುತ್ತಾರೆ. ಆದರೆ ಉಡುಪಿ ಮತ್ತು ಮಂಗಳೂರಿನ ನಡುವೆ ಮೊದಲಿನಿಂದಲೂ ಖಾಸಗಿ ಬಸ್ಸುಗಳದೇ ಓಡಾಟ ಹೆಚ್ಚು. ನಾನು ಎರಡು ವಾರ ಕಾದು ಹತ್ತಿದ ಸರಕಾರಿ ಬಸ್ಸುಗಳು ಬಿಜೈ ನಿಲ್ದಾಣಕ್ಕೆ ಹೋಗುತ್ತಿದ್ದವು. ಅಲ್ಲಿಂದ ಹಂಪನಕಟ್ಟೆಗೆ ಮತ್ತೆ ಸಿಟಿ ಬಸ್ಸು ಹಿಡಿಯಬೇಕು. ಹಣ ಉಳಿದದ್ದು ನಿಜ. ಆದರೆ ಒಂದು ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಎಂಬ ಭರವಸೆ ಇಲ್ಲದೆ, ಆ ಎರಡು ವಾರಗಳಲ್ಲಿ ಮೂರು ದಿನ ತಡವಾಗಿ ಹಾಜರಿ ಹಾಕಿದೆ. ಸಮಯಕ್ಕೆ ಸರಿಯಾಗಿ ಮೂಲ್ಕಿಯಿಂದ ನಾಲ್ಕು ಸರಕಾರಿ ಬಸ್ಸುಗಳನ್ನು ಬಿಟ್ಟರೆ ನಾನೇ ಮೊದಲು ಹತ್ತುತ್ತೇನೆ, ಇದನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ರೈಲಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪ್ರಯಾಣ ಹಿತ, ಟಿಕೆಟ್ ಅಗ್ಗ. ಆದರೆ ತೋಕೂರಿನವರೆಗಿನ ಕೊಂಕಣ ರೈಲ್ವೆ ಇಲ್ಲಿ ಒಂಟಿ ಹಳಿಯದು, ಎದುರಿನ ಗಾಡಿಗೆ ದಾರಿ ಬಿಟ್ಟು ನಿಂತರೆ ನಿಂತಿತು, ಮತ್ತು ನನ್ನ ಕಚೇರಿಯ ಹೊತ್ತಿಗೆ ಹೊಂದುವ ಗಾಡಿ ನನಗೆ ಸಿಗಲಿಲ್ಲ.

ಇನ್ನು ನನ್ನ ಸರ್ವಿಸ್ ಬಸ್ಸು. ಅದು ನಿಧಾನ. ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲುತ್ತದೆ, ಹಂಪನಕಟ್ಟೆ ತಲುಪಲು ಒಂದೂಕಾಲು ಗಂಟೆ ಬೇಕು. ಸುರತ್ಕಲ್ ದಾಟಿದ ಮೇಲೆ ನೂಕುನುಗ್ಗಲೂ ಇದೆ. "ದುಂಬು ಪೋಲೆ, ದುಂಬು ಪೋಲೆ" ಎಂದು ಕಂಡಕ್ಟರ್ ಎಲ್ಲರನ್ನೂ ಮುಂದಕ್ಕೆ ಕಳುಹಿಸುತ್ತಲೇ ಇರುತ್ತಾರೆ. ಆದರೆ 7.35ಕ್ಕೆ ನಮ್ಮ ದಾರಿಯ ತಿರುವಿನಲ್ಲಿ ಅದು ಬರುವಾಗ ಅರ್ಧ ಸೀಟುಗಳು ಖಾಲಿ ಇರುತ್ತವೆ, ಎಡಗಡೆಯ ಮೂರನೆಯ ಕಿಟಕಿ ನನಗೆ ಸಿಗುತ್ತದೆ. ಮಳೆ ಜೋರಾಗಿದ್ದರೆ ಟರ್ಪಾಲಿನ ಪರದೆ ಇಳಿಸುತ್ತಾರೆ. ಕೂಳೂರಿನಲ್ಲಿ ಎಲ್ಲ ವಾಹನಗಳೂ ಸಮಾನವಾಗಿ ಸಿಕ್ಕಿಕೊಳ್ಳುತ್ತವೆ, ಆದರೆ ಅಲ್ಲಿ ಸ್ಕೂಟರಿನ ಮೇಲೆ ನೆನೆಯುತ್ತಾ ನಿಲ್ಲುವುದಕ್ಕೂ ಸೀಟಿನಲ್ಲಿ ಕುಳಿತು ನಿದ್ದೆ ಮಾಡುವುದಕ್ಕೂ ವ್ಯತ್ಯಾಸವಿದೆ. ಒಂದು ದಿನ ನಾನು ತಿರುವಿಗೆ ಬರುವುದು ತಡವಾದಾಗ ಡ್ರೈವರ್ ಎರಡು ಸಲ ಹಾರನ್ ಹಾಕಿ, ಛತ್ರಿ ಹಿಡಿದು ಗದ್ದೆಯ ಹುಣಿಯಲ್ಲಿ ಓಡಿ ಬರುತ್ತಿದ್ದ ನನಗಾಗಿ ಕಾದರು. "ನಿಧಾನ ಬನ್ನಿ ಅಕ್ಕ, ಜಾರುತ್ತದೆ" ಎಂದು ಕಂಡಕ್ಟರ್ ಬಾಗಿಲಿನಿಂದಲೇ ಕೂಗಿದರು. ಎಕ್ಸ್‌ಪ್ರೆಸ್ಸಿನಲ್ಲಿ ಉಳಿಯುವ ಅರ್ಧ ಗಂಟೆಗಿಂತ ನನಗೆ ಇದು ದೊಡ್ಡದು.

ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಲೆಕ್ಕ ಬರೆಯುವುದೇ ನನ್ನ ಕೆಲಸ. ಸ್ಕೂಟರಿಗೆ ದಿನಕ್ಕೆ 60 ಕಿಲೋಮೀಟರಿನಂತೆ ತಿಂಗಳಿಗೆ ಸುಮಾರು 3,400 ರೂಪಾಯಿಯ ಪೆಟ್ರೋಲ್, ಅದರ ಮೇಲೆ 3,150 ರೂಪಾಯಿಯ ಕಂತು. ಬಸ್ಸಿಗೆ ಹೋಗಿಬರಲು ದಿನಕ್ಕೆ ನೂರರ ಆಸುಪಾಸು, ಅಂದರೆ ತಿಂಗಳಿಗೆ 2,500. ಕೊಟ್ಟಾರದಲ್ಲೋ ಉರ್ವದಲ್ಲೋ ಮನೆಯಿದ್ದು ಐದಾರು ಕಿಲೋಮೀಟರ್ ಮಾತ್ರ ಹೋಗಬೇಕಾದವರಿಗೆ ಸ್ಕೂಟರೇ ಸರಿ. ಮೂಲ್ಕಿಯಲ್ಲಿ ಹೆದ್ದಾರಿಯ ಬದಿಯಲ್ಲೇ ಮನೆಯಿದ್ದು, ನಿಂತು ಹೋಗುವ ಶಕ್ತಿಯೂ ಇರುವವರು ಬೆಳಿಗ್ಗೆ ಎಕ್ಸ್‌ಪ್ರೆಸ್ ಹಿಡಿಯಲಿ. ನನ್ನ ಹಾಗೆ ಒಳದಾರಿಯಲ್ಲಿ ಮನೆಯಿರುವವರು, ಸ್ಕೂಟರ್ ಅಂಗಡಿಗೆ ಹೋಗುವ ಮೊದಲು ಒಂದು ಮಳೆಗಾಲವನ್ನು ಬಸ್ಸಿನಲ್ಲಿ ಕಳೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಸ್ಕೂಟರನ್ನು ಮಾರಲಿಲ್ಲ. ತಮ್ಮ ಅದನ್ನು ಕಿನ್ನಿಗೋಳಿಯ ಕೆಲಸಕ್ಕೆ ಒಯ್ಯುತ್ತಿದ್ದಾನೆ, ಕಂತಿನ ಅರ್ಧ ಹಣವನ್ನು ತಿಂಗಳ ಐದನೇ ತಾರೀಖಿಗೆ ತಪ್ಪದೆ ಕೊಡುತ್ತಾನೆ. ಇನ್ನು ಹನ್ನೊಂದು ಕಂತು ಬಾಕಿ ಇದೆ.