ಸುತ್ತಿಡುವ ವಿನೈಲ್ ಚೆಸ್ ಬೋರ್ಡ್: ಮೂಲೆ ಇನ್ನೂ ಏಳುತ್ತದೆ

ಮೊದಲು ದೂರು ಹೇಳಿಬಿಡುತ್ತೇನೆ. ಈ ಬೋರ್ಡ್ ನೆಟ್ಟಗೆ ಮಲಗುವುದಿಲ್ಲ. ತಂದು ವರ್ಷ ದಾಟಿತು. ಇವತ್ತಿಗೂ ಹಾಸಿದ ಕೂಡಲೇ ಎರಡೂ ಅಂಚು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಮೇಲಕ್ಕೆದ್ದು ನಿಲ್ಲುತ್ತವೆ. ಮೂಲೆಯಲ್ಲಿ ಆನೆಗಳು ಇರುವಷ್ಟು ಹೊತ್ತು ಪರವಾಗಿಲ್ಲ, ಅವಕ್ಕೆ ತೂಕ ಇದೆ. ಆಟ ರಂಗೇರಿ ಆನೆ ನಡುವಿಗೆ ಬಂತು ಅನ್ನಿ, ಮೂಲೆ ಎದ್ದಿತು, ಪಕ್ಕದ ಸಿಪಾಯಿ ಉರುಳಿತು.

'ಎರಡು ದಿನದಲ್ಲಿ ಸರಿಹೋಗುತ್ತೆ ಮೇಡಂ' ಅಂದಿದ್ದರು ಅಂಗಡಿಯವರು. ಹಾಸಿಗೆ ಕೆಳಗೆ ಇಟ್ಟೆ. ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಹಾಸಿದೆ, ಸಂಜೆವರೆಗೆ ಮೆತ್ತಗೆ ಮಲಗಿತ್ತು. ಚೀಲಕ್ಕೆ ಹಾಕಿ ಮಾರನೆ ದಿನ ತೆಗೆದರೆ ಮತ್ತೆ ಅದೇ ಕಥೆ. ತಪ್ಪು ಆ ಚೀಲದ್ದೇ. ಅದು ಎಷ್ಟು ಸಪೂರ ಅಂದರೆ ಬೋರ್ಡನ್ನು ಬಿಗಿಯಾಗಿ ಸುತ್ತದೆ ಗತಿಯಿಲ್ಲ. ಹಾಸ್ಟೆಲಿನಿಂದ ರಜೆಗೆ ಬಂದ ಮಗ ಹೇಳಿಕೊಟ್ಟ ಉಪಾಯವೇ ಕೊನೆಗೆ ಕೈಹಿಡಿದದ್ದು: ಮನೆಗಳು ಅಚ್ಚಾದ ಬದಿ ಹೊರಗೆ ಬರುವಂತೆ ಸಡಿಲವಾಗಿ ಸುತ್ತುವುದು. ಆಗ ಅಂಚು ಕೆಳಕ್ಕೆ ಬಾಗುತ್ತದೆ. ಮುಕ್ಕಾಲು ಪಾಲು ಸರಿಹೋಗಿದೆ. ಉಳಿದ ಕಾಲು ಭಾಗಕ್ಕೆ ಕಾಫಿ ಲೋಟ ಇದೆ.

ಅಳತೆ, ತೂಕ ಎಲ್ಲ ಡಬ್ಬದ ಮೇಲೆ ಇರುತ್ತದೆ, ನೋಡಿಕೊಳ್ಳಿ. ನಾನು ಇದನ್ನು ಯಾಕೆ ತಂದೆ ಅಂತ ಹೇಳುತ್ತೇನೆ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ನಮ್ಮ ದೇಶದ ಗುಕೇಶ್ ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರಲ್ಲ, ಆಗ ನನಗೂ ಹುಕಿ ಬಂತು. ಫೋನಿನಲ್ಲಿ ಲಿಚೆಸ್ ಅನ್ನೋ ಚೆಸ್ ಆ್ಯಪ್ ಹಾಕಿಕೊಂಡೆ. ದುಡ್ಡಿಲ್ಲ, ಜಾಹೀರಾತಿಲ್ಲ. ಯಾವ ಕಾಯಿ ಹೇಗೆ ನಡೆಯುತ್ತದೆ ಅಂತ ಅಲ್ಲೇ ಕಲಿತೆ. ಆದರೆ ಫೋನಿನಲ್ಲಿ ಕಾಯಿ ಮುಟ್ಟಿದರೆ ಸಾಕು, ಎಲ್ಲೆಲ್ಲಿ ಹೋಗಬಹುದು ಅಂತ ಚುಕ್ಕಿ ಮೂಡುತ್ತದೆ. ನಾನು ಆಟ ನೋಡುತ್ತಲೇ ಇರಲಿಲ್ಲ, ಬರೀ ಚುಕ್ಕಿ ನೋಡುತ್ತಿದ್ದೆ. ಬೋರ್ಡಿನಲ್ಲಿ ಚುಕ್ಕಿ ಇಲ್ಲ. ಕಣ್ಣೇ ಹುಡುಕಬೇಕು.

ಅದರಲ್ಲೂ ಕುದುರೆ. ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ, ಇಷ್ಟೇ. ಹೇಳೋದು ಸುಲಭ. ಎದುರಾಳಿಯ ಕುದುರೆ ನನ್ನ ಮಂತ್ರಿಗೂ ಆನೆಗೂ ಒಟ್ಟಿಗೆ ಗುರಿ ಇಟ್ಟಿದ್ದು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತಿತ್ತು. ಈಗ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಟೀಪಾಯಿ ಮೇಲೆ ಬೋರ್ಡ್ ಹಾಸಿ, ಒಂದೇ ಒಂದು ಕುದುರೆ ಇಟ್ಟುಕೊಂಡು ಕೂರುತ್ತೇನೆ. ಪಕ್ಕದಲ್ಲಿ ಒಂದು ಬಟ್ಟಲು ಹುಣಸೆ ಬೀಜ. ಕುದುರೆ ಕಾಲಿಟ್ಟ ಮನೆಗೆಲ್ಲ ಒಂದೊಂದು ಬೀಜ. ಒಂದು ಮನೆಗೆ ಎರಡು ಸಲ ಹೋಗದೆ 64 ಮನೆಯನ್ನೂ ಮುಗಿಸಬೇಕು. ನಡುವಿನಲ್ಲಿ ಆರಾಮಾಗಿ ಸುತ್ತಿ ಮೂಲೆಗಳನ್ನು ಕೊನೆಗೆ ಇಟ್ಟುಕೊಂಡರೆ ಸಿಕ್ಕಿಕೊಂಡಂತೆಯೇ. ಮೂಲೆ ಮನೆಗೆ ಹೋಗಿಬರಲು ಕುದುರೆಗೆ ಇರುವುದು ಎರಡೇ ದಾರಿ. ಅದಕ್ಕೇ ಇಕ್ಕಟ್ಟಿನ ಮನೆಗಳನ್ನು ಮೊದಲು ಮುಗಿಸಬೇಕು. ಎಲ್ಲ ಸರಿಯಾಗಿ ಸಾಗುತ್ತಿರುವಾಗ ಅಂಚು ಸ್ವಲ್ಪ ಎದ್ದು ನಾಲ್ಕು ಬೀಜ ಜಾರಿ ಪಕ್ಕದ ಮನೆಗೆ ಬಂದರೆ ಏನು ಮಾಡೋದು ಹೇಳಿ? ಆಗ ಈ ಬೋರ್ಡನ್ನು ಕುಕ್ಕರಹಳ್ಳಿ ಕೆರೆಗೆ ಎಸೆದು ಬರೋಣ ಅನ್ನಿಸುತ್ತದೆ.

ನಮ್ಮ ಮೈಸೂರಿಗೆ ಈ ಕುದುರೆ ಹುಚ್ಚು ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ಇಂಥ ಕುದುರೆ ನಡೆಗಳನ್ನು ರಚಿಸುವುದರಲ್ಲಿ ಹೆಸರಾದವರು. ಅವರ ಬೋರ್ಡಿನ ಅಂಚು ಏಳುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಸಂಜೆ ನಾಲ್ಕೂವರೆಗೆ ಕಾಫಿ ಜೊತೆ ನಮ್ಮ ಮಾವ ಬಂದು ಕೂರುತ್ತಾರೆ. ಅವರು ಕಲಿತದ್ದು ಹಳೆಯ ನಮ್ಮ ಕಡೆಯ ಆಟ. ಅದರಲ್ಲಿ ಸಿಪಾಯಿ ಮೊದಲ ನಡೆಗೂ ಒಂದೇ ಮನೆ. ರಾಜನಿಗೆ ಚೆಕ್ ಬೀಳುವ ಮುಂಚೆ ಒಂದು ಸಲ ಕುದುರೆಯಂತೆ ಹಾರಬಹುದು.

'ಸಿಪಾಯಿ ಎರಡು ಮನೆ ಓಡೋದು ಯಾವ ನ್ಯಾಯನಮ್ಮ?'

'ರಾಜ ಕುದುರೆ ಥರ ಹಾರೋದು ಯಾವ ನ್ಯಾಯ ಮಾವ?'

ಕೊನೆಗೆ ರಾಜಿ ಆಯಿತು. ಕಪ್ಪು ಕಾಯಿ ಹಿಡಿದವರು ಹೇಳಿದ್ದೇ ಕಾನೂನು. ಇಲ್ಲೇ ಈ ಸೆಟ್ಟಿನ ಇನ್ನೊಂದು ಕೊರತೆ ಕಣ್ಣಿಗೆ ಬಿತ್ತು. ಅವರ ಆಟದಲ್ಲಿ ಸಿಪಾಯಿ ಕೊನೆ ಸಾಲು ಮುಟ್ಟಿದರೆ ಅದು ಮುಟ್ಟಿದ ಮನೆಯ ಕಾಯಿ ಆಗುತ್ತದೆ. ಕುದುರೆ ಮನೆ ಮುಟ್ಟಿದರೆ ಕುದುರೆ. ನನ್ನ ಆಟದಲ್ಲಿ ಮೊದಲಿನ ಮಂತ್ರಿ ಬದುಕಿದ್ದರೂ ಎರಡನೆಯದು ಬರಬಹುದು. ಡಬ್ಬದಲ್ಲಿ ಹೆಚ್ಚಿನ ಮಂತ್ರಿಯೇ ಇಲ್ಲ! ಸದ್ಯಕ್ಕೆ ಅಮೃತಾಂಜನದ ಡಬ್ಬಿ ಆ ಕೆಲಸ ಮಾಡುತ್ತಿದೆ. ಮಾವ ಅದಕ್ಕೆ ದಿವಾನರು ಅಂತ ಹೆಸರಿಟ್ಟಿದ್ದಾರೆ.

ಕಾಯಿಗಳ ಬಗ್ಗೆ ಮಾತ್ರ ಕೆಟ್ಟ ಮಾತಾಡಲಾರೆ. ಪ್ಲಾಸ್ಟಿಕ್ಕೇ, ಆದರೆ ಬುಡದಲ್ಲಿ ತೂಕ, ಅಡಿಯಲ್ಲಿ ಹಸಿರು ಬಟ್ಟೆ. ಒಂಟೆಯನ್ನು ಕೋನಕ್ಕೆ ಜಾರಿಸಿಕೊಂಡು ಹೋಗಿ ನಿಲ್ಲಿಸುವಾಗ ಸದ್ದೇ ಆಗುವುದಿಲ್ಲ. ಮಾವನಿಗೆ ದೃಷ್ಟಿ ಮಂದ. ಆದರೂ ಎತ್ತರ ನೋಡಿಯೇ ರಾಜ ಯಾವುದು, ಮಂತ್ರಿ ಯಾವುದು ಅಂತ ಗುರುತಿಸುತ್ತಾರೆ. ಮುಂಚೆ ಮನೆಯಲ್ಲಿದ್ದ ಮರದ ಸೆಟ್ಟಿನಲ್ಲಿ ಇಬ್ಬರೂ ಅವಳಿಗಳು. ಒಂದು ಬಿಳಿ ಕುದುರೆಯ ಬಟ್ಟೆ ಕಿತ್ತುಬಂತು, ಫೆವಿಕಾಲ್ ಹಚ್ಚಿದೆ, ಗಟ್ಟಿಯಾಗಿದೆ. ಅಂಚಿನಲ್ಲಿ ಎ, ಬಿ, ಸಿ, 1, 2, 3 ಅಚ್ಚಾಗಿರುವುದು ಹೊಸಬರಿಗೆ ದೊಡ್ಡ ಉಪಕಾರ. ಫೋನಿನ ಆಟವನ್ನು ಹಾಗೇ ಬೋರ್ಡಿಗೆ ಇಳಿಸಿಕೊಳ್ಳಬಹುದು. ಬಲಗೈ ಮೂಲೆಗೆ ಬಿಳಿ ಮನೆ ಬರಬೇಕು ಅನ್ನೋದೂ ಮರೆಯುವುದಿಲ್ಲ.

ಮೈಸೂರಿನವರು ಬೀಟೆ ಮರದ ಇನ್‌ಲೇ ಬೋರ್ಡ್ ಬಿಟ್ಟು ಇದನ್ನು ತರೋದಾ ಅಂತ ನಮ್ಮ ನಾದಿನಿ ಕೇಳಿದಳು. ಅದು ಶೋಕೇಸಿಗೆ ಚೆಂದ. ಕಾಫಿ ಚೆಲ್ಲಿದರೆ ನನ್ನ ಜೀವ ಹೋಗುತ್ತದೆ. ಇದಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಸಾವಿರ ರೂಪಾಯಿಯೊಳಗೆ ಚೆಸ್ ಕಲಿಯಬೇಕು, ಮನೆಯಲ್ಲಿ ಟೀಪಾಯಿ ಇದೆ ಅನ್ನುವವರು ತೆಗೆದುಕೊಳ್ಳಿ. ಅಂಗಡಿಯಲ್ಲೇ ಚೀಲದಿಂದ ತೆಗೆಸಿ ನೋಡಿ, ಹೆಚ್ಚಿನ ಮಂತ್ರಿ ಇದೆಯಾ ಕೇಳಿ. ಬೆಂಗಳೂರಿನ ರೈಲಿನಲ್ಲಿ ಆಡುವ ಆಸೆ ಇದ್ದರೆ ಮಾತ್ರ ಆಯಸ್ಕಾಂತದ ಪುಟ್ಟ ಬೋರ್ಡೇ ಸರಿ. ಇದನ್ನು ಹಾಸಿದರೆ ಮದ್ದೂರು ಬರುವಷ್ಟರಲ್ಲಿ ಅರ್ಧ ಸೈನ್ಯ ಸೀಟಿನ ಕೆಳಗೆ ಇರುತ್ತದೆ.