ಬೀಡಿನ (ಎರಕ ಹೊಯ್ದ ಕಬ್ಬಿಣದ) ದೋಸೆ ಕಾವಲಿ ಕೊಳ್ಳಬಹುದಾ? ಕೊಂಡು ಬಳಸಿದವಳ ಮಾತು

ಆನ್‌ಲೈನ್‌ನಲ್ಲಿ ಕಾವಲಿ ಹುಡುಕಿದರೆ ತಲೆ ಕೆಡುತ್ತದೆ. ಗ್ರಾನೈಟ್ ಲೇಪ, ಸೆರಾಮಿಕ್ ಲೇಪ, ಮೂರು ಪದರ, ಐದು ಪದರ. ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್. ಓದುತ್ತಾ ಹೋದರೆ ಮುಕ್ಕಾಲು ಪಾಲು ಜನ ಪಾರ್ಸೆಲ್ ಬಿಚ್ಚಿದ ವಾರದಲ್ಲೇ ಬರೆದವರು. ಆಗ ಕಾವಲಿ ಚೆನ್ನಾಗಿರದೆ ಇನ್ನೇನು?

ಅದಕ್ಕೇ ನಾನು ರಿವ್ಯೂ ಓದುವುದು ಬಿಟ್ಟು, ದೋಸೆಯಿಂದಲೇ ಹೊಟ್ಟೆ ಹೊರೆಯುವವರು ಯಾವುದರ ಮೇಲೆ ಹುಯ್ಯುತ್ತಾರೆ ಅಂತ ನೋಡಿದೆ. ಬೆಂಗಳೂರಿನ ಯಾವುದಾದರೂ ದರ್ಶಿನಿಯಲ್ಲಿ ಅಡುಗೆ ಕಟ್ಟೆಯ ಕಡೆ ಕಣ್ಣು ಹಾಯಿಸಿ, ಇರುವುದು ದಪ್ಪ ಕಬ್ಬಿಣದ ಹಂಚು. ನಾನ್‌ಸ್ಟಿಕ್ ಪಾತ್ರೆಗೆ ಅಂಟದ ಹಾಗೆ ಹಚ್ಚುವ ಟೆಫ್ಲಾನ್ ಸಿಕ್ಕಿದ್ದು 1938ರಲ್ಲಿ, ಅಮೆರಿಕದಲ್ಲಿ. ಅದನ್ನು ಬಾಣಲೆಗೆ ಹಚ್ಚಿ ಮಾರುವುದು ಶುರುವಾಗಿದ್ದು 1950ರ ದಶಕದಲ್ಲಿ, ಫ್ರಾನ್ಸ್‌ನಲ್ಲಿ. ಇಷ್ಟು ಕಾಲದಿಂದ ಎದುರಾಳಿ ಇದ್ದೂ ಹೋಟೆಲ್‌ನವರು ಕಬ್ಬಿಣ ಬಿಟ್ಟಿಲ್ಲ. ಹಳೆಯದು ಅನ್ನುವ ಪ್ರೀತಿಗೆ ಅಲ್ಲ, ಒರಳುಕಲ್ಲು ಇನ್ನೂ ಹಳೆಯದು, ಗ್ರೈಂಡರ್ ಬಂದದ್ದೇ ತಡ ಅದನ್ನು ಮೂಲೆಗೆ ತಳ್ಳಿದರು. ಹೊಸದು ಪಕ್ಕದಲ್ಲೇ ಬಂದು ನಿಂತ ಮೇಲೂ ಯಾವುದು ಉಳಿಯಿತೋ ಅದಕ್ಕೆ ದುಡ್ಡು ಕೊಡಬಹುದು.

ಕಾರಣವೂ ಸರಳ. ಟೆಫ್ಲಾನ್ ಲೇಪ ಸುಮಾರು 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ. ಬೀಡಿಗೆ ಆ ಭಯ ಇಲ್ಲ. ದಪ್ಪ ಇರುವುದರಿಂದ ಒಳಗೆ ಬಿಸಿ ಜಾಸ್ತಿ ಕೂತಿರುತ್ತದೆ, ತಣ್ಣಗಿನ ಹಿಟ್ಟು ಬಿದ್ದರೂ ಸುಲಭಕ್ಕೆ ಆರುವುದಿಲ್ಲ. ನೀರು ಚಿಮುಕಿಸಿ, ಒರೆಸಿ, ಅರ್ಧ ಈರುಳ್ಳಿಯಿಂದ ಎಣ್ಣೆ ಉಜ್ಜಿ ಹಿಟ್ಟು ಹುಯ್ದರೆ ಚುಯ್ ಅನ್ನುತ್ತದೆ, ನೋಡನೋಡುತ್ತಲೇ ಮೈತುಂಬ ತೂತು ಬೀಳುತ್ತದೆ. ಅಂಚು ಕೆಂಪಗಾಗಿ ತಾನೇ ಏಳುತ್ತದೆ, ಸಟ್ಟುಗ ಸುಮ್ನೆ ನೆಪಕ್ಕೆ.

ನಾನು ತಂದದ್ದು ಚಿಕ್ಕಪೇಟೆ ಕಡೆಯ ಒಂದು ಪಾತ್ರೆ ಅಂಗಡಿಯಿಂದ, ಹನ್ನೆರಡು ಇಂಚಿನದು, ಸಾವಿರದ ಆಸುಪಾಸು. ಅಂಗಡಿಯವರು ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದರು. ಟಣ್ ಅಂದರೆ ಸರಿ, ಸದ್ದು ಮಂಕಾಗಿದ್ದರೆ ಎಲ್ಲೋ ಬಿರುಕಿದೆ. "ಕೆಳಗೆ ಬೀಳಿಸ್ಬೇಡಿ ಮೇಡಂ, ಒಡೆದು ಹೋಗುತ್ತೆ. ಇನ್ನೇನೂ ಆಗಲ್ಲ" ಅಂದರು. ಅದು ಪೂರ್ತಿ ನಿಜ ಅಲ್ಲ, ಹೇಳುತ್ತೇನೆ.

ಮೊದಲು ಪಳಗಿಸಬೇಕು. ತೊಳೆದು ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಹೊಗೆ ಏಳುವವರೆಗೆ ಕಾಯಿಸಿ, ಆರಿಸಿ, ಮತ್ತೆ ಸವರಬೇಕು. ಹೀಗೆ ಕಾದ ಎಣ್ಣೆಯೇ ಗಟ್ಟಿಯಾಗಿ ಕಪ್ಪು ಪದರ ಕಟ್ಟುತ್ತದೆ. ಎಣ್ಣೆ ಜಾಸ್ತಿ ಸುರಿದರೆ ಅಂಟಂಟು ಆಗುತ್ತದೆ, ಅಷ್ಟೇ. ಶುರುವಿನ ದೋಸೆಗಳು ಹರಿಯುತ್ತವೆ, ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ತಕರಾರು. ಭಾರ ಇದೆ, ಮೂರು ಕೇಜಿ ಹತ್ತಿರ. ಮಣಿಕಟ್ಟು ನೋವಿರುವವರು ಒಂದೇ ಕೈಯಲ್ಲಿ ಎತ್ತುವ ಸಾಹಸ ಬೇಡ. ಹಿಡಿಯೂ ಬೀಡಿನದೇ, ಬಟ್ಟೆ ಇಲ್ಲದೆ ಮುಟ್ಟುವ ಹಾಗಿಲ್ಲ. ರಾತ್ರಿ ಸಿಂಕ್‌ನಲ್ಲಿ ನೆನೆಹಾಕಿದರೆ ಬೆಳಗ್ಗೆ ತುಕ್ಕು ಗ್ಯಾರಂಟಿ. ಹುಣಸೆ, ಟೊಮೆಟೊ ಹಾಕಿ ಬೇಯಿಸಿದರೆ ಕಷ್ಟಪಟ್ಟು ಕಟ್ಟಿದ ಪದರ ಎದ್ದು ಬರುತ್ತದೆ. ಇಂಡಕ್ಷನ್ ಒಲೆಯಲ್ಲಿ ನಡುವೆ ಕಾದು ಅಂಚು ತಣ್ಣಗೇ ಉಳಿಯುತ್ತದೆ, ಗ್ಯಾಸ್ ಇದ್ದರೆ ಒಳ್ಳೆಯದು. ಆಮ್ಲೆಟ್‌ಗೆ ನಾನು ಇವತ್ತಿಗೂ ನಾನ್‌ಸ್ಟಿಕ್ಕನ್ನೇ ಎತ್ತಿಕೊಳ್ಳುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ ಅಲ್ವಾ?

ದೋಸೆ, ಚಪಾತಿ, ರೊಟ್ಟಿ ದಿನಾ ಮಾಡುವ ಮನೆಗೆ ಕಣ್ಣುಮುಚ್ಚಿ ತಗೊಳ್ಳಿ ಅನ್ನುತ್ತೇನೆ. ಅದಕ್ಕೂ ಮುಂಚೆ ಅಟ್ಟದ ಮೇಲೆ ಒಮ್ಮೆ ನೋಡಿ, ಅತ್ತೆಯದೋ ಅಜ್ಜಿಯದೋ ಹಳೇ ಕಾವಲಿ ತುಕ್ಕು ಹಿಡಿದು ಬಿದ್ದಿದ್ದರೂ ಇರಬಹುದು. ಬಿರುಕು ಬಿಟ್ಟಿರದಿದ್ದರೆ ಸ್ಟೀಲ್ ನಾರಿನಿಂದ ಚೆನ್ನಾಗಿ ಉಜ್ಜಿ, ಎಣ್ಣೆ ಸವರಿ ಪಳಗಿಸಿ, ಸಾವಿರ ರೂಪಾಯಿ ಉಳಿಯಿತು.